ಬೆಂಗಳೂರಿನಲ್ಲಿ ನಾಟಕ, ಸಂಗೀತ, ಯಕ್ಷಗಾನಗಳಿಗೆ ಎಲ್ಲಿಗೆ ಹೋಗಬೇಕು?

ಕೆಲಸದ ನಿಮಿತ್ತ ಧಾರವಾಡದಿಂದ ಬೆಂಗಳೂರಿಗೆ ಬಂದು ಮಾರತ್ತಹಳ್ಳಿ ಕಡೆ ಮನೆ ಮಾಡಿದ್ದೀರಿ, ವಯಸ್ಸಾದ ತಾಯಿಯವರೂ ಆರೇಳು ವರ್ಷದ ಮಗಳೂ ಜೊತೆಗಿದ್ದಾರೆ, ನಾಟಕ ಮತ್ತು ಸಂಗೀತಕ್ಕೆ ಈ ಊರಿನ ಅತ್ಯುತ್ತಮ ರಂಗಮಂದಿರ ಯಾವುದು ಎಂದು ಕೇಳಿದ್ದೀರಿ. ಹವ್ಯಾಸಿ ರಂಗತಂಡವೊಂದರಲ್ಲಿ ಬಹಳ ಕಾಲದಿಂದ ಬೆಳಕಿನ ಕೆಲಸ ನೋಡಿಕೊಳ್ಳುತ್ತಿರುವುದರಿಂದ ಈ ಊರಿನ ಹೆಚ್ಚಿನ ಮಂದಿರಗಳನ್ನು ಪ್ರೇಕ್ಷಕರ ಕಡೆಯಿಂದಲೂ ನೇಪಥ್ಯದ ಕಡೆಯಿಂದಲೂ ಬಲ್ಲೆ. ಆ ಪರಿಚಯದ ಮೇಲೆ ಹೇಳುವುದಾದರೆ, ಎಲ್ಲಕ್ಕೂ ಒಪ್ಪುವ ಒಂದೇ ಮಂದಿರ ಇಲ್ಲಿಲ್ಲ. ನೀವು ಯಾವ ಕಲೆಯನ್ನು ನೋಡಲು ಹೊರಟಿದ್ದೀರಿ ಎಂಬುದನ್ನು ಮೊದಲು ನಿಶ್ಚಯಿಸಿಕೊಂಡು, ಅದಕ್ಕೆ ತಕ್ಕ ಜಾಗವನ್ನು ಆರಿಸಿಕೊಳ್ಳಬೇಕು. ನಟನ ಮುಖಕ್ಕೂ ನಿಮ್ಮ ಕುರ್ಚಿಗೂ ಎಷ್ಟು ದೂರ, ದನಿ ಮೈಕಿನ ಮೂಲಕ ಬರುತ್ತದೆಯೋ ನೇರವಾಗಿ ಬರುತ್ತದೆಯೋ ಎಂಬೆರಡು ಸಂಗತಿಗಳೇ ನಿಮ್ಮ ಸಂಜೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ.

ನಾಟಕದಿಂದಲೇ ಆರಂಭಿಸುತ್ತೇನೆ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ ಕನ್ನಡ ರಂಗಭೂಮಿಯ ಮಟ್ಟಿಗೆ ಬೆಂಗಳೂರಿನ ದೊಡ್ಡಮನೆ. ರವೀಂದ್ರನಾಥ ಟಾಗೋರರ ಜನ್ಮಶತಮಾನೋತ್ಸವದ ನೆನಪಿಗಾಗಿ ಕಟ್ಟಿದ ಈ ಮಂದಿರ 1963ರಲ್ಲಿ ಉದ್ಘಾಟನೆಯಾಯಿತು. ಇಂದಿಗೂ ಅದನ್ನು ಕನ್ನಡ ಮತ್ತು ಸಂಸ್ಕೃತಿ ಇಲಾಖೆ ನಡೆಸುತ್ತಿದೆ. ಎತ್ತರದ ಚೌಕಟ್ಟಿನ ರಂಗ, ಆಳವಾದ ಸಭಾಂಗಣ, ಮೇಲೆ ಬಾಲ್ಕನಿ. ಇಪ್ಪತ್ತು ಮೂವತ್ತು ಜನ ಒಟ್ಟಿಗೆ ರಂಗಕ್ಕೆ ಬರುವ ಪೌರಾಣಿಕ ನಾಟಕ, ನೃತ್ಯರೂಪಕ, ಹಾಡು ಕುಣಿತ ತುಂಬಿದ ಪ್ರಯೋಗಗಳಿಗೆ ಇದು ಹೇಳಿ ಮಾಡಿಸಿದ ಜಾಗ. ಇಬ್ಬರೇ ಪಾತ್ರಧಾರಿಗಳು ಮೇಜಿನ ಎದುರುಬದುರು ಕುಳಿತು ಮಾತಾಡುವ ನಾಟಕವನ್ನು ಇಲ್ಲಿನ ಬಾಲ್ಕನಿಯಿಂದ ನೋಡಿದರೆ ಮಾತ್ರ ಅರ್ಧ ನಾಟಕ ಕೈತಪ್ಪಿಹೋಗುತ್ತದೆ, ಏಕೆಂದರೆ ಅಂಥ ನಾಟಕದ ಜೀವವೆಲ್ಲ ನಟನ ಕಣ್ಣು, ತುಟಿ, ಬೆರಳುಗಳ ಸಣ್ಣ ಚಲನೆಯಲ್ಲಿರುತ್ತದೆ, ಆ ದೂರಕ್ಕೆ ಅದು ತಲುಪುವುದಿಲ್ಲ. ಬೆಳಕಿನವರಾದ ನಮಗೂ ಇಲ್ಲಿನ ಲೆಕ್ಕಾಚಾರವೇ ಬೇರೆ. ಸಣ್ಣ ರಂಗದಲ್ಲಿ ಒಂದು ದೀಪವನ್ನು ಕಾಲುಭಾಗಕ್ಕೆ ಇಳಿಸಿದರೂ ಮುಖದ ಭಾವ ಕಾಣುತ್ತದೆ. ಇಲ್ಲಿ ಅದೇ ದೃಶ್ಯಕ್ಕೆ ಬೆಳಕನ್ನು ಸಾಕಷ್ಟು ಏರಿಸಲೇಬೇಕಾಗುತ್ತದೆ, ಏರಿಸಿದೊಡನೆ ಆ ದೃಶ್ಯಕ್ಕೆ ಬೇಕಾಗಿದ್ದ ಗುಟ್ಟಿನ ಗುಣ ತೆಳುವಾಗುತ್ತದೆ. ಹಾಗಾಗಿ ಕಲಾಕ್ಷೇತ್ರಕ್ಕೆ ಹೋದಾಗ ತುಸು ಬೇಗ ಹೋಗಿ ಕೆಳಗಿನ ಸಭಾಂಗಣದ ನಡುಸಾಲುಗಳಲ್ಲಿ ಜಾಗ ಹಿಡಿಯಿರಿ. ತೀರಾ ಮುಂದಿನ ಸಾಲಿನಲ್ಲಿ ಕೂತರೆ ರಂಗದ ಎತ್ತರಕ್ಕೆ ಕತ್ತು ನೋಯುತ್ತದೆ, ನಟರ ಪಾದಗಳ ಚಲನೆಯೂ ಸರಿಯಾಗಿ ಕಾಣುವುದಿಲ್ಲ.

ಕಲಾಕ್ಷೇತ್ರದ ಹಿಂಬದಿಗೆ ಹೋದರೆ ನಾಟಕಕಾರ ಸಂಸರ ಹೆಸರಿನ ಬಯಲು ರಂಗಮಂದಿರವಿದೆ. 1972ರಲ್ಲಿ ಬಿ.ವಿ. ಕಾರಂತರು ಇದೇ ಹಿಂಬದಿಯ ಬಯಲಿನಲ್ಲಿ ಮೂರು ನಾಟಕಗಳನ್ನು ಆಡಿಸಿದ್ದು ಕನ್ನಡದ ಹವ್ಯಾಸಿ ರಂಗಭೂಮಿಯ ದಿಕ್ಕನ್ನೇ ಬದಲಿಸಿತು ಎಂದು ಹಿರಿಯರು ಇಂದಿಗೂ ನೆನೆಯುತ್ತಾರೆ. ಚೌಕಟ್ಟಿನ ರಂಗದಿಂದ ಹೊರಬಂದ ನಟರಿಗೆ ಆ ಬಯಲು ಕೊಟ್ಟ ಬಿಡುಗಡೆ ಎಂಥದ್ದು ಎಂಬುದು ಆ ಬಯಲು ಮಂದಿರದ ಮೆಟ್ಟಿಲುಗಳ ಮೇಲೆ ಕುಳಿತು ಒಂದು ನಾಟಕ ನೋಡಿದರೆ ನಿಮಗೂ ಅರ್ಥವಾದೀತು. ಕತ್ತಲಾದ ಮೇಲಷ್ಟೇ ಅಲ್ಲಿ ಬೆಳಕಿಗೆ ಬೆಲೆ ಬರುವುದರಿಂದ ಪ್ರಯೋಗಗಳು ಸಂಜೆಗತ್ತಲಿನಲ್ಲೇ ಆರಂಭವಾಗುತ್ತವೆ. ಡಿಸೆಂಬರ್, ಜನವರಿಯಲ್ಲಾದರೆ ತಾಯಿಯವರಿಗೆ ಸ್ವೆಟರ್ ಮತ್ತು ಕೂರಲು ಒಂದು ದಿಂಬು ಮರೆಯದೆ ಒಯ್ಯಿರಿ. ಪಕ್ಕದ ಕನ್ನಡ ಭವನದಲ್ಲಿ ನಯನ ಎಂಬ ಚಿಕ್ಕ ಸಭಾಂಗಣವಿದೆ, ಜೆ.ಸಿ. ರಸ್ತೆ ದಾಟಿದರೆ ಎ.ಡಿ.ಎ. ರಂಗಮಂದಿರವಿದೆ. ಎ.ಡಿ.ಎ. ಎಂದರೆ 1909ರಲ್ಲಿ ಹುಟ್ಟಿದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್. ವೃತ್ತಿ ಕಂಪನಿಗಳ ಭರಾಟೆಯ ಕಾಲದಲ್ಲಿ ವಿದ್ಯಾವಂತ ಹವ್ಯಾಸಿಗಳು ಕಟ್ಟಿಕೊಂಡ ಸಂಸ್ಥೆ ಅದು. ಹತ್ತಿರದಲ್ಲೇ ಇರುವ ಪುಟ್ಟಣ್ಣಚೆಟ್ಟಿ ಪುರಭವನ 1935ರದು, ಕಂಬಗಳ ಸಾಲಿನಿಂದ ನೋಡಲು ಬಹಳ ಚೆಂದ. ಆದರೆ ಅಲ್ಲಿ ಸಭೆ ಸಮಾರಂಭಗಳೇ ಹೆಚ್ಚು.

ಮಾತಿನ ಸೂಕ್ಷ್ಮವೇ ಮುಖ್ಯವಾದ ನಾಟಕಗಳಿಗೆ ನಾನು ಎರಡು ಮಾತಿಲ್ಲದೆ ಸೂಚಿಸುವುದು ಜೆ.ಪಿ. ನಗರ ಎರಡನೇ ಹಂತದ ರಂಗಶಂಕರವನ್ನು. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಶಂಕರ್ ನಾಗ್ ಅವರ ನೆನಪಿನಲ್ಲಿ ಅರುಂಧತಿ ನಾಗ್ ಮತ್ತು ಸಂಕೇತ್ ಟ್ರಸ್ಟ್‌ನ ಗೆಳೆಯರು ವರ್ಷಗಟ್ಟಲೆ ಓಡಾಡಿ, ಹಣ ಕೂಡಿಸಿ ಕಟ್ಟಿದ ಈ ಮಂದಿರ 2004ರಲ್ಲಿ ತೆರೆಯಿತು. ಕುರ್ಚಿಗಳು ಮುನ್ನೂರಕ್ಕೆ ಸ್ವಲ್ಪ ಮೇಲೆ, ಅಷ್ಟೆ. ರಂಗ ಪ್ರೇಕ್ಷಕರ ನಡುವೆ ಚಾಚಿಕೊಂಡಿದೆ, ಕುರ್ಚಿಗಳ ಸಾಲುಗಳು ಕಡಿದಾಗಿ ಮೇಲೇರುತ್ತ ಅದನ್ನು ಮೂರು ಕಡೆಯಿಂದ ಆವರಿಸಿವೆ. ಹೀಗಾಗಿ ಕೊನೆಯ ಸಾಲಿನವರಿಗೂ ನಟ ಉಗುಳು ನುಂಗಿದ್ದು ತಿಳಿಯುತ್ತದೆ, ಸಾಮಾನ್ಯವಾಗಿ ಮೈಕಿನ ಅಗತ್ಯವೇ ಬೀಳುವುದಿಲ್ಲ. ಮುಖ್ಯವಾದ ಇನ್ನೊಂದು ವಿಷಯವೆಂದರೆ, ಇಲ್ಲಿ ಮದುವೆಯ ಆರತಕ್ಷತೆ, ಸನ್ಮಾನ ಸಮಾರಂಭ, ಕಂಪನಿಗಳ ಸಭೆ ಯಾವುದೂ ನಡೆಯುವುದಿಲ್ಲ. ಸೋಮವಾರವೊಂದನ್ನು ಬಿಟ್ಟು ದಿನವೂ ನಾಟಕ ಎಂಬುದು ಮಂದಿರ ಹುಟ್ಟಿದಂದಿನಿಂದ ಬಂದ ಸಂಕಲ್ಪ. ಕನ್ನಡದ ಜೊತೆಗೆ ಇಂಗ್ಲಿಷ್, ಹಿಂದಿ, ಮಲಯಾಳ, ಮರಾಠಿ ನಾಟಕಗಳೂ ಬರುತ್ತವೆ, ಮಕ್ಕಳಿಗೆಂದೇ 'ಆಹಾ' ಎಂಬ ಪ್ರತ್ಯೇಕ ಕಾರ್ಯಕ್ರಮಮಾಲೆ ಇದೆ. ನಿಮ್ಮ ಮಗಳಿಗೆ ಮೊದಲ ನಾಟಕ ತೋರಿಸಲು ನನಗೆ ಗೊತ್ತಿರುವ ಹಾಗೆ ಇದಕ್ಕಿಂತ ಒಳ್ಳೆಯ ಜಾಗ ಈ ಊರಿನಲ್ಲಿ ಇಲ್ಲ.

ರಂಗಶಂಕರದ ವಿಷಯದಲ್ಲಿ ಒಂದನ್ನು ಮಾತ್ರ ಖಡಾಖಂಡಿತವಾಗಿ ಹೇಳಬೇಕು: ಸಂಜೆ ಏಳೂವರೆಯ ನಾಟಕವೆಂದರೆ ಏಳೂವರೆಗೇ ಬಾಗಿಲು ಹಾಕುತ್ತಾರೆ, ಆಮೇಲೆ ಬಂದವರು ಯಾರೇ ಆಗಲಿ ಒಳಗೆ ಬಿಡುವುದಿಲ್ಲ. ಹೊಸಬರಿಗೆ ಇದು ಕಠಿಣವೆನ್ನಿಸಿ ಬಾಗಿಲಲ್ಲಿ ವಾದಕ್ಕೆ ನಿಲ್ಲುವುದನ್ನು ಕಂಡಿದ್ದೇನೆ. ಆದರೆ ಅಂಥ ಸಣ್ಣ ಅಂಗಳದಲ್ಲಿ ನಾಟಕ ಶುರುವಾದ ಮೇಲೆ ಒಬ್ಬರು ಬಾಗಿಲು ತೆರೆದು ಬಂದರೂ ಹೊರಗಿನ ಬೆಳಕಿನ ಪಟ್ಟಿಯೊಂದು ನೇರ ರಂಗದ ಮೇಲೆ ಬಿದ್ದುಬಿಡಬಹುದು. ಕತ್ತಲೆಯಲ್ಲಿ ಮೊದಲ ಮಾತಿಗಾಗಿ ಉಸಿರು ಕಟ್ಟಿ ನಿಂತ ನಟನ ಏಕಾಗ್ರತೆ ಮುರಿಯಲು ಅಷ್ಟೇ ಸಾಕು. ಆ ಶಿಸ್ತಿನ ಬಗ್ಗೆ ನನಗೆ ಅಪಾರ ಗೌರವವಿದೆ, ಉಳಿದ ಮಂದಿರಗಳೂ ಅದನ್ನು ಪಾಲಿಸಬೇಕೆಂದು ಮನಸಾರೆ ಬಯಸುತ್ತೇನೆ. ಮಾರತ್ತಹಳ್ಳಿಯಿಂದ ವಾರದ ದಿನ ಸಂಜೆ ಆರಕ್ಕೆ ಹೊರಟು ಏಳೂವರೆಗೆ ತಲುಪುತ್ತೇನೆಂಬ ಭರವಸೆ ಬೇಡ. ಭಾನುವಾರ ಮಧ್ಯಾಹ್ನದ ಪ್ರದರ್ಶನವಿದ್ದರೆ ಅದನ್ನೇ ಆರಿಸಿಕೊಳ್ಳಿ. ಮೆಟ್ರೊ ಹಳದಿ ಮಾರ್ಗದ ರಾಗಿಗುಡ್ಡ ನಿಲ್ದಾಣ ಈಗ ಹತ್ತಿರದಲ್ಲೇ ಇದೆ. ಬೇಗ ತಲುಪಿದರೆ ಕಾಯುವುದೂ ಬೇಸರವಲ್ಲ, ಕೆಳಗೇ ಪುಸ್ತಕದಂಗಡಿಯೂ ತಿಂಡಿಯ ಕೆಫೆಯೂ ಇವೆ. ಒಳಗಿನ ಮೆಟ್ಟಿಲುಗಳು ಕಡಿದಾದ್ದರಿಂದ ತಾಯಿಯವರಿಗೆ ಮಂಡಿನೋವಿದ್ದರೆ ಬಾಗಿಲಲ್ಲಿರುವವರಿಗೆ ಮೊದಲೇ ತಿಳಿಸಿ ಅನುಕೂಲವಾದ ಸಾಲನ್ನು ಕೇಳಿಕೊಳ್ಳಿ.

ಕಲಾಕ್ಷೇತ್ರ, ರಂಗಶಂಕರ ಇವೆರಡರ ನಡುವಿನ ಅಳತೆಯ ಮಂದಿರಗಳೂ ಇವೆ. ಹನುಮಂತನಗರದಲ್ಲಿ ಕೆಂಗಲ್ ಹನುಮಂತಯ್ಯನವರ ಹೆಸರಿನ ಕೆ.ಎಚ್. ಕಲಾಸೌಧ ಹೊಸ ಹವ್ಯಾಸಿ ತಂಡಗಳಿಗೆ ಬಹು ದೊಡ್ಡ ಆಸರೆ. ಕಾಲೇಜು ಮುಗಿಸಿದ ಹುಡುಗ ಹುಡುಗಿಯರು ತಮ್ಮದೇ ನಾಟಕ ಬರೆದು ಆಡುವುದನ್ನು ನೋಡಬೇಕಿದ್ದರೆ ಅಲ್ಲಿಗೆ ಹೋಗಿ. ಜಯನಗರದ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರ ಹೆಸರಿನ ಎಚ್.ಎನ್. ಕಲಾಕ್ಷೇತ್ರವಿದೆ. ಊರಿನ ಪಶ್ಚಿಮ ಅಂಚಿನ ಮಲ್ಲತ್ತಹಳ್ಳಿಯಲ್ಲಿ ಕಲಾಗ್ರಾಮವಿದೆ. ಜಾಗ ವಿಶಾಲ, ವಾತಾವರಣ ಶಾಂತ, ಆದರೆ ನಿಮ್ಮ ಮನೆಯಿಂದ ನೋಡಿದರೆ ಅದು ಊರಿನ ಇನ್ನೊಂದು ತುದಿ.

ಇಲ್ಲಿ ಮಾರತ್ತಹಳ್ಳಿ ಕಡೆಯವರಿಗೆ ಆಗಿರುವ ಅನ್ಯಾಯದ ಮಾತನ್ನೂ ಹೇಳಿಬಿಡುತ್ತೇನೆ. ಮೇಲೆ ಹೆಸರಿಸಿದ ಮಂದಿರಗಳೆಲ್ಲ ಹಳೆಯ ಊರಿನಲ್ಲಿ ಇಲ್ಲವೇ ದಕ್ಷಿಣ ಮತ್ತು ಪಶ್ಚಿಮ ಭಾಗಗಳಲ್ಲಿವೆ. ಕಳೆದ ಕೆಲವು ದಶಕಗಳಲ್ಲಿ ಲಕ್ಷಗಟ್ಟಲೆ ಜನ ಬಂದು ನೆಲೆಸಿದ್ದು ಪೂರ್ವಕ್ಕೂ ಉತ್ತರಕ್ಕೂ. ಕನ್ನಡ ನಾಟಕ ಆಡಬಲ್ಲ ಸಾರ್ವಜನಿಕ ರಂಗಮಂದಿರಗಳು ಮಾತ್ರ ಅದೇ ಪ್ರಮಾಣದಲ್ಲಿ ಆ ಕಡೆಗೆ ಬರಲಿಲ್ಲ. ನಿಮಗೆ ಹತ್ತಿರವಿರುವ ಒಳ್ಳೆಯ ಜಾಗವೆಂದರೆ ವರ್ತೂರು ರಸ್ತೆಯ ರಾಮಗೊಂಡನಹಳ್ಳಿಯಲ್ಲಿ 2011ರಲ್ಲಿ ತೆರೆದ ಜಾಗೃತಿ. ಅರುಂಧತಿ ರಾಜಾ ಮತ್ತು ಜಗದೀಶ್ ರಾಜಾ ದಂಪತಿ ಕಟ್ಟಿದ ಈ ಮಂದಿರ ಸುಮಾರು ಇನ್ನೂರು ಜನರಿಗೆ ಸಾಕಾಗುವಷ್ಟಿದ್ದು, ಇಂಗ್ಲಿಷ್ ನಾಟಕಗಳೇ ಅಲ್ಲಿ ಹೆಚ್ಚು. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ಕೂಡ ನಿಮಗೆ ಹಳೆಯ ವಿಮಾನ ನಿಲ್ದಾಣದ ರಸ್ತೆ ಹಿಡಿದು ಬಂದರೆ ಸಿಗುತ್ತದೆ; ಉಪನ್ಯಾಸಗಳ ಜೊತೆಗೆ ಸಂಗೀತ ನೃತ್ಯಗಳೂ ನಡೆಯುತ್ತವೆ, ಬಹುಪಾಲು ಕಾರ್ಯಕ್ರಮಗಳಿಗೆ ಪ್ರವೇಶ ಉಚಿತ. ಆದರೆ ಮಾರತ್ತಹಳ್ಳಿ, ವೈಟ್‌ಫೀಲ್ಡ್‌ಗಳಲ್ಲಿ ಇಷ್ಟೊಂದು ಕನ್ನಡದ ಮನೆಗಳಿದ್ದೂ ಒಂದು ಕನ್ನಡ ನಾಟಕಕ್ಕಾಗಿ ಅವರು ಊರನ್ನು ಅಡ್ಡಹಾಯಬೇಕಾಗಿರುವುದು ನನಗೆ ನಿಜಕ್ಕೂ ಸಂಕಟದ ಸಂಗತಿ. ಸಾವಿರ ಕುರ್ಚಿಯ ಭವ್ಯ ಭವನ ಬೇಡ; ಇನ್ನೂರೈವತ್ತು ಕುರ್ಚಿ, ಒಳ್ಳೆಯ ದೀಪಗಳು, ಹವ್ಯಾಸಿ ತಂಡಕ್ಕೆ ಎಟುಕುವ ಬಾಡಿಗೆ ಇರುವ ಒಂದೊಂದು ಮಂದಿರ ಆ ಬಡಾವಣೆಗಳಿಗೆ ಬಂದರೆ ತಂಡಗಳು ತಾವಾಗಿಯೇ ಬರುತ್ತವೆ.

ಸಂಗೀತದ ದಾರಿ ಬೇರೆ. ವೈಯಾಲಿಕಾವಲ್ ಬಳಿಯ ಚೌಡಯ್ಯ ಸ್ಮಾರಕ ಭವನವನ್ನು ನೀವು ಚಿತ್ರಗಳಲ್ಲಿ ನೋಡಿಯೇ ಇರುತ್ತೀರಿ, ಕಟ್ಟಡವೇ ಪಿಟೀಲಿನ ಆಕಾರದಲ್ಲಿದೆ. 1980ರಲ್ಲಿ ಉದ್ಘಾಟನೆಯಾದ ಅದರ ಹಿಂದೆ ಕೆ.ಕೆ. ಮೂರ್ತಿಯವರ ಛಲವಿದೆ. ಟಿ. ಚೌಡಯ್ಯನವರು ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ವಾದ್ಯ ಮಾಡಿಕೊಂಡದ್ದು, ಧ್ವನಿವರ್ಧಕ ಇನ್ನೂ ಬಳಕೆಗೆ ಬಾರದ ಕಾಲದಲ್ಲಿ ಹಿಂದೆ ಕುಳಿತ ಶ್ರೋತೃವಿಗೂ ನಾದ ತಲುಪಲಿ ಎಂಬ ಕಾರಣಕ್ಕೆ ಎಂದು ಹೇಳುತ್ತಾರೆ. ಸಭಾಂಗಣದ ದೂರವನ್ನು ವಾದ್ಯದಲ್ಲೇ ಗೆಲ್ಲಲು ಹೊರಟ ಕಲಾವಿದನ ಹೆಸರು ಒಂದು ಸಭಾಂಗಣಕ್ಕೆ ಬಂದಿರುವುದು ಎಷ್ಟು ಉಚಿತವೆಂದು ಅಲ್ಲಿಗೆ ಹೋದಾಗಲೆಲ್ಲ ಅನ್ನಿಸುತ್ತದೆ. ಸಾವಿರ ಜನರ ಈ ಭವನ ದೊಡ್ಡ ಕಛೇರಿಗಳಿಗೂ ಹೊರಗಿನಿಂದ ಬರುವ ಭಾರಿ ನಾಟಕಗಳಿಗೂ ಸರಿ. ಕರ್ನಾಟಕ ಸಂಗೀತವನ್ನು ತಿಳಿದವರ ನಡುವೆ ಕುಳಿತು ಕೇಳಬೇಕಾದರೆ ಕೆ.ಆರ್. ರಸ್ತೆಯ ಬೆಂಗಳೂರು ಗಾಯನ ಸಮಾಜಕ್ಕೆ ಹೋಗಿ. 1905ರಲ್ಲಿ ಸ್ಥಾಪನೆಯಾದ ಸಂಸ್ಥೆ ಅದು, ಅಲ್ಲಿ ತಾಳ ಹಾಕುತ್ತ ಕೇಳುವವರ ಕೈಗಳನ್ನು ನೋಡುವುದೇ ಒಂದು ಪಾಠ. ನೀವು ಧಾರವಾಡದವರಾದ್ದರಿಂದ ಹಿಂದೂಸ್ತಾನಿಯನ್ನೂ ಹುಡುಕುತ್ತೀರಿ. ಮಲ್ಲೇಶ್ವರದ ಸೇವಾಸದನ, ರೇಸ್‌ಕೋರ್ಸ್ ರಸ್ತೆಯ ಭಾರತೀಯ ವಿದ್ಯಾಭವನಗಳ ಕಾರ್ಯಕ್ರಮಗಳ ಮೇಲೆ ಕಣ್ಣಿಡಿ.

ಕಟ್ಟಡವೇ ಇಲ್ಲದ ಒಂದು ಸಂಗೀತಸಭೆಯನ್ನೂ ಹೇಳದೆ ಬಿಡಲಾರೆ. ಶ್ರೀರಾಮನವಮಿಯ ಹೊತ್ತಿಗೆ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯವರು ಚಪ್ಪರ ಹಾಕುತ್ತಾರೆ. ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಆರಂಭಿಸಿದ ಈ ಉತ್ಸವದಲ್ಲಿ ಹಾಡದ ದೊಡ್ಡ ಕಲಾವಿದರೇ ಇಲ್ಲವೆನ್ನಬಹುದು. ಬೇಸಿಗೆಯ ಸೆಕೆ, ಹೊರಗಿನ ರಸ್ತೆಯ ಸದ್ದು ಎಲ್ಲವೂ ಇರುತ್ತವೆ. ಆದರೂ ರಾತ್ರಿ ಎಂಟರ ಮೇಲೆ ರಾಗಾಲಾಪನೆ ಏರಿದಾಗ ಸಾವಿರಾರು ಜನ ಒಟ್ಟಿಗೆ ನಿಶ್ಶಬ್ದರಾಗುವುದು ಹವಾನಿಯಂತ್ರಿತ ಸಭಾಂಗಣದಲ್ಲಿ ನನಗೆ ಸಿಕ್ಕದ ಅನುಭವ.

ಯಕ್ಷಗಾನದ ಋತು ಮಳೆಗಾಲ. ಕರಾವಳಿಯ ಮೇಳಗಳ ತಿರುಗಾಟ ಮೇ ತಿಂಗಳ ಕೊನೆಯ ಹೊತ್ತಿಗೆ ಮುಗಿಯುವುದರಿಂದ ಆಮೇಲೆ ಕಲಾವಿದರು ಬೆಂಗಳೂರಿಗೆ ಬರುತ್ತಾರೆ, ಕಲಾಕ್ಷೇತ್ರದಲ್ಲಿ ಶನಿವಾರ ರಾತ್ರಿ ಹೊರಟ ಆಟ ಬೆಳಗಿನವರೆಗೂ ನಡೆಯುವುದುಂಟು. ಮುಚ್ಚಿದ ಸಭಾಂಗಣದಲ್ಲಿ ಚೆಂಡೆಗೂ ಮೈಕ್ ಇರುವುದರಿಂದ ಮಗಳನ್ನು ಕರೆದುಕೊಂಡು ಮುಂದಿನ ಸಾಲುಗಳಲ್ಲಿ ಕೂರಬೇಡಿ. ನಾಟಕಕ್ಕೆ ಬೇಡವೆಂದ ಹಿಂದಿನ ಸಾಲುಗಳೇ ಇಲ್ಲಿ ಒಳ್ಳೆಯವು, ವೇಷಗಳ ಬಣ್ಣ ಮತ್ತು ಕಿರೀಟಗಳ ಎತ್ತರ ಅಷ್ಟು ದೂರಕ್ಕೆಂದೇ ರೂಪುಗೊಂಡಂಥವು.

ಟಿಕೆಟ್ಟು ದುಬಾರಿಯೇ ಎಂದೂ ಕೇಳಿದ್ದೀರಿ. ಹವ್ಯಾಸಿ ಕನ್ನಡ ನಾಟಕದ ಟಿಕೆಟ್ಟು ಸಾಮಾನ್ಯವಾಗಿ ಮಲ್ಟಿಪ್ಲೆಕ್ಸಿನ ಟಿಕೆಟ್ಟಿಗಿಂತ ಕಡಿಮೆಯೇ ಇರುತ್ತದೆ. ಆ ಹಣದಲ್ಲೇ ಮಂದಿರದ ಬಾಡಿಗೆ, ದೀಪ, ಪ್ರಸಾಧನ, ಸಜ್ಜಿಕೆ ಸಾಗಿಸುವ ಟೆಂಪೋ ಎಲ್ಲವೂ ನಡೆಯಬೇಕಾದ್ದರಿಂದ ದಯವಿಟ್ಟು ಪಾಸಿಗಾಗಿ ಹುಡುಕದೆ ಕೊಂಡೇ ಬನ್ನಿ. ಇನ್ನೊಂದು ವಿಷಯ ಗಮನದಲ್ಲಿರಲಿ: ರಂಗಶಂಕರದಂಥ ಒಂದೆರಡನ್ನು ಬಿಟ್ಟರೆ ಇಲ್ಲಿನ ಮಂದಿರಗಳು ಬಾಡಿಗೆಗೆ ಸಿಗುವಂಥವು, ಅಲ್ಲಿ ಏನು ನಡೆಯಬೇಕೆಂಬ ಆಯ್ಕೆ ಮಂದಿರದವರದಲ್ಲ. ಆದ್ದರಿಂದ ಮಂದಿರದ ಹೆಸರು ನೋಡಿ ಹೋಗುವುದಕ್ಕಿಂತ ತಂಡದ ಮತ್ತು ನಿರ್ದೇಶಕರ ಹೆಸರು ನೋಡಿ ಹೋಗುವುದು ಮೇಲು. ಕನ್ನಡ ದಿನಪತ್ರಿಕೆಗಳ 'ನಗರದಲ್ಲಿ ಇಂದು' ಅಂಕಣ ದಿನವೂ ನೋಡಿ, ಇಷ್ಟವಾದ ನಾಟಕ ಮುಗಿದ ಮೇಲೆ ಹೊರಗೆ ನಿಂತಿರುವ ತಂಡದವರಿಗೆ ನಿಮ್ಮ ದೂರವಾಣಿ ಸಂಖ್ಯೆ ಕೊಟ್ಟು ಬನ್ನಿ. ಮುಂದಿನ ಪ್ರಯೋಗದ ಸುದ್ದಿ ವಾಟ್ಸಾಪಿನಲ್ಲಿ ತಾನಾಗಿ ಬರುತ್ತದೆ. ಮೊದಲ ತಿಂಗಳಿಗೆ ರಂಗಶಂಕರದಲ್ಲಿ ಮಗಳಿಗೊಪ್ಪುವ ಒಂದು ಭಾನುವಾರದ ನಾಟಕ, ತಾಯಿಯವರಿಗಾಗಿ ಗಾಯನ ಸಮಾಜದಲ್ಲಿ ಒಂದು ಕಛೇರಿ, ಇಷ್ಟನ್ನು ಇಟ್ಟುಕೊಳ್ಳಿ. ಗಾಯನ ಸಮಾಜಕ್ಕೆ ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಿ ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿಯಿರಿ, ಅಲ್ಲಿಂದ ಆಟೊದಲ್ಲಿ ಸ್ವಲ್ಪವೇ ದೂರ.