ಕಾಫಿ ತೋಟದ ಕೂಲಿ ಬಾಕಿ ಆದ್ರೆ ನಮ್ ಕಡೆ ಹೆಂಗೆ ಬಗೆಹರಿಸ್ತಾರೆ ಅಂತ ಕೇಳಿದ್ರಲ್ಲ

ನಾನು ಮೂಡಿಗೆರೆ ತಾಲೂಕಿನ ಘಾಟಿ ಅಂಚಿನೋನು, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದ್ರೆ ದಕ್ಷಿಣ ಕನ್ನಡ. ಇಲ್ಲಿ ಕೂಲಿ ಜಗಳ ಅಂದ್ರೆ ತೋಟದ ಸಾಹುಕಾರ್ರು ಕೊಡಲ್ಲ ಅಂದ್ರು ಆಳುಗಳು ಬಿಡಲ್ಲ ಅಂದ್ರು ಅನ್ನೋಷ್ಟು ಸಲೀಸಲ್ಲ ಮಾರಾಯ್ರೆ, ನಾನ್ ಕಂಡಂಗೆ ಜಾಸ್ತಿ ಲೆಕ್ಕದ್ದೇ ಗಲಾಟೆ. ಕೊಯ್ಲಿಗೆ ಮುಂಚೆ ಆಳುಗಳು ತಮ್ಮನ್ನ ಕರ್ಕೊಂಡ್ ಬರೋ ಮೇಸ್ತ್ರಿ ಕೈಲಿ ಅಡ್ವಾನ್ಸ್ ತಗೊಂಡಿರ್ತಾರೆ, ಆಮೇಲೆ ಹಣ್ಣು ಕುಯ್ದಿದ್ದು ಕೆಜಿ ಲೆಕ್ಕ, ಬೇರೆ ಕೆಲಸ ದಿನದ ಲೆಕ್ಕ, ಮಧ್ಯ ಅಂಗಡಿ ಸಾಲ ಬೇರೆ, ಬಟವಾಡೆ ದಿನ ಯಾರಿಗೂ ತಾಳೆ ಆಗಲ್ಲ.

ಹೋದ ವರ್ಷ ರೋಬಸ್ಟಾ ಕಾಫಿ ಕೊಯ್ಲು ಮುಗಿಯೋ ಹೊತ್ತಿಗೆ ಪಕ್ಕದ ತೋಟದ ಕಣದಲ್ಲಿ ಹಿಂಗೇ ಆಯ್ತು. ಅಸ್ಸಾಂ ಕಡೆ ಗಂಡ ಹೆಂಡ್ತಿ, ತೋಟದ ಲೆಕ್ಕ ಬರೆಯೋ ರೈಟರ್ ಪುಸ್ತಕದಲ್ಲಿ 41 ಹಾಜರಿ, ಇವ್ರು 47 ಅಂತಾರೆ. ಆಯಮ್ಮ ಆಳುಗಳಿಗೆ ತೋಟದಲ್ಲೇ ಕಟ್ಟಿರೋ ಲೈನ್ ಮನೆಯಿಂದ ಮಗಳ ಕಾಪಿ ಪುಸ್ತಕ ತಂದ್ಲು, ಕೊನೇ ಹಾಳೆಲಿ ದಿನಕ್ಕೊಂದು ಪೆನ್ಸಿಲ್ ಗೀಟು, ರಜಕ್ಕೆ ಸೊನ್ನೆ. ನನ್ ಅರ್ಧಂಬರ್ಧ ಹಿಂದಿಲಿ ಒಂದೊಂದೇ ಗೀಟು ಕೇಳ್ಕೊಂಡು ಹೋದ್ರೆ, ಆ 6 ದಿನ ಇವ್ರು ಕಾಫಿ ಹೂವಿಗೆ ನೀರು ಹೊಡೆಯೋ ಸ್ಪ್ರಿಂಕ್ಲರ್ ಪೈಪ್ ಹೊತ್ತಿದ್ರು, ಕೊಯ್ಲಿನ ಪುಸ್ತಕಕ್ಕೆ ಅದು ಏರೇ ಇಲ್ಲ! ಮೋಟರ್ ಹುಡುಗ ಹೌದು ಅಂದ, ಸಾಹುಕಾರ್ರು ಗೊಣಗ್ಕೊಂಡೇ ಎಣಿಸಿಕೊಟ್ರು.

ಹಂಗೂ ಆಗ್ದಿದ್ರೆ ಸರ್ಕಾರದ ಲೇಬರ್ ಆಫೀಸಿಗೆ ಅರ್ಜಿ. ಕೂಲಿ ಸಂಬಳದ ಕೇಂದ್ರದ ಕಾನೂನು, 2019ರ ವೇತನ ಸಂಹಿತೆ, 2025ರ ನವೆಂಬರ್ 21ರಿಂದ ಜಾರಿಲಿದೆ, ತಿಂಗಳ ಸಂಬಳ ಮುಂದಿನ ತಿಂಗಳು 7ನೇ ತಾರೀಕಿನೊಳಗೆ ಕೊಡ್ಬೇಕು, ಕೆಲಸ ಬಿಟ್ರೆ ಬಿಡಿಸಿದ್ರೆ ಎರಡು ಕೆಲಸದ ದಿನದಲ್ಲಿ ಚುಕ್ತಾ. ಬಾಕಿ ಕೇಳೋಕೆ 3 ವರ್ಷ ಟೈಮಿದೆ. ನಂಗೆ ಇಷ್ಟ ಆಗಿದ್ದು ಏನಂದ್ರೆ ದುಡ್ಡು ಕೊಟ್ಟಿದೀನಿ ಅಂತ ಸಾಬೀತು ಮಾಡೋ ಹೊಣೆ ಮಾಲೀಕನದ್ದೇ, ಆಳಿಂದಲ್ಲ. ಆದ್ರೆ ಹೋಗೋರು ಎಷ್ಟು ಜನ ಹೇಳಿ, ಮಲಗೋ ಲೈನ್ ಮನೆ ಸಾಹುಕಾರ್ರದ್ದು, ಆಫೀಸಿಗೆ ಹೋದ್ರೆ ಆ ದಿನದ ಕೂಲಿನೂ ಹೋಯ್ತು, ಊರಿನ ರೈಲಿಗೆ ಟಿಕೆಟ್ ಬೇರೆ ಮಾಡ್ಸಿರ್ತಾರೆ.

ಇನ್ನು ಸಾಹುಕಾರ್ರು ಕೊಟ್ಟಿದ್ದನ್ನ ಮೇಸ್ತ್ರಿನೇ ನುಂಗಿ ಫೋನ್ ಸ್ವಿಚ್ ಆಫ್ ಮಾಡ್ಕೊಂಡ್ರೆ ಅದು ದೊಡ್ ತಲೆನೋವು. ಅದಕ್ಕೇ ಈಗ ಹುಡುಗ್ರು ಮೇಸ್ತ್ರಿ ಕೈಗೆ ಬೇಡ, ನಮ್ ನಂಬರಿಗೇ ಫೋನ್‌ಪೇ ಮಾಡಿ ಅಂತಾರೆ, ಮೇಸ್ತ್ರಿಗಳಿಗೆ ಅದು ಕಂಡ್ರೆ ಮೈ ಉರಿಯುತ್ತೆ.