ಓದುಗರ ಪ್ರಶ್ನೆ: ಗಾಡಿ ಹೇಗೆ ನಿಂತಿತು ಅಂತ ಮೊದಲು ನೋಡಿ

ಪ್ರಶ್ನೆ: ಸರ್, ನನ್ನದು ಎರಡು ಸಿಲಿಂಡರಿನ ಹಳೆಯ ಸಣ್ಣ ಟ್ರ್ಯಾಕ್ಟರ್. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಉಳುಮೆಗೆ ಇಳಿಸಿ ಅರ್ಧ ಗಂಟೆ ಆಗುವಷ್ಟರಲ್ಲಿ ಎಳೆತ ಕಡಿಮೆಯಾಗಿ, ಮುಗ್ಗರಿಸಿ ಮುಗ್ಗರಿಸಿ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಹೊಡೆದರೆ ಮತ್ತೆ ಸರಿ. ಮೆಕ್ಯಾನಿಕ್ "ಪಂಪ್ ಹೋಗಿದೆ, ಬಿಚ್ಚಿ ಕಳಿಸಬೇಕು" ಅನ್ನುತ್ತಿದ್ದಾರೆ. ಕಳಿಸಲಾ?

ಉತ್ತರ: ಈಗಲೇ ಬೇಡ. ಎಂಜಿನ್‌ಗೆ ಒತ್ತಡದಲ್ಲಿ ಡೀಸೆಲ್ ತಳ್ಳುವ ಈ ಮುಖ್ಯ ಪಂಪ್ ಸವೆದಿದ್ದರೆ ಬಿಸಿಯಾದಾಗ ತೊಂದರೆ ಕೊಡುವುದುಂಟು, ಇಲ್ಲ ಅನ್ನುವುದಿಲ್ಲ. ಆದರೆ ಅದನ್ನು ಅನುಮಾನಿಸುವುದು ಕೊನೆಗೆ. ಕೆಲಸ ಮಾಡುತ್ತಾ ನಿಧಾನಕ್ಕೆ ಸೋತು ನಿಂತು, ಸುಮ್ನೆ ಬಿಟ್ಟರೆ ಸರಿಹೋಗುತ್ತದೆ ಅಂದರೆ ಡೀಸೆಲ್ ಬರುವ ದಾರಿಯೇ ಎಲ್ಲೋ ಕಟ್ಟಿಕೊಳ್ಳುತ್ತಿರುವ ಸಾಧ್ಯತೆ ಜಾಸ್ತಿ. ಟ್ಯಾಂಕಿನಿಂದ ಶುರು ಮಾಡಿ.

ಮೊದಲು ಟ್ಯಾಂಕಿನ ಮುಚ್ಚಳ. ಬಿಗಿಯಾಗಿ ಮುಚ್ಚಿದ ಎಣ್ಣೆ ಡಬ್ಬಿಗೆ ಒಂದೇ ತೂತು ಮಾಡಿದರೆ ಎಣ್ಣೆ ಸರಿಯಾಗಿ ಸುರಿಯುವುದಿಲ್ಲ, ಅಲ್ವಾ? ಇಲ್ಲೂ ಅಷ್ಟೇ. ಡೀಸೆಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು, ಅದಕ್ಕೆ ಮುಚ್ಚಳದಲ್ಲಿ ಸಣ್ಣ ತೂತು ಇರುತ್ತದೆ, ಧೂಳು ಮತ್ತು ಜಿಡ್ಡು ಸೇರಿ ಅದು ಮುಚ್ಚಿಹೋಗುತ್ತದೆ. ಮುಂದಿನ ಸಲ ಗಾಡಿ ನಿಂತ ಕೂಡಲೇ ಬೇರೇನನ್ನೂ ಮುಟ್ಟದೆ ಮುಚ್ಚಳ ಸಡಿಲಿಸಿ. 'ಸುಂಯ್' ಅಂತ ಗಾಳಿ ಒಳಗೆ ಹೋದರೆ, ಆಮೇಲೆ ಗಾಡಿಯೂ ಹೊರಟರೆ, ಕಳ್ಳ ಸಿಕ್ಕ. ಮುಚ್ಚಳವನ್ನು ಡೀಸೆಲ್‌ನಲ್ಲಿ ತೊಳೆದು ತೆಳು ತಂತಿಯಿಂದ ತೂತು ಬಿಡಿಸಿ. ಮುಚ್ಚಳದ ಬದಲು ಬಟ್ಟೆ ತುರುಕಿಕೊಂಡು ಓಡಿಸುವವರಿದ್ದಾರೆ, ಆ ಕೆಲಸ ಮಾತ್ರ ಮಾಡಬೇಡಿ.

ಮುಚ್ಚಳ ಸರಿಯಿದ್ದರೆ, ಟ್ಯಾಂಕಿನಿಂದ ಬರುವ ಪೈಪನ್ನು ಫೀಡ್ ಪಂಪಿನ (ಟ್ಯಾಂಕಿನ ಡೀಸೆಲ್ ಎಳೆದು ಮುಖ್ಯ ಪಂಪಿಗೆ ಕೊಡುವ ಸಣ್ಣ ಪಂಪ್) ಹತ್ತಿರ ಬಿಚ್ಚಿ, ಸ್ವಚ್ಛವಾದ ಬಾಟಲಿಗೆ ಹಿಡಿದು, ಕಾಕ್ ತೆಗೆಯಿರಿ. ಟ್ಯಾಂಕ್ ಎತ್ತರದಲ್ಲಿರುವ ಗಾಡಿಯಾದರೆ ಡೀಸೆಲ್ ಒಂದೇ ಸಮನೆ ಧಾರೆಯಾಗಿ ಬರಬೇಕು. ಮೊದಲ ನಾಲ್ಕು ಸೆಕೆಂಡು ನೋಡಿ ಸರಿಯಿದೆ ಅಂದುಕೊಳ್ಳಬೇಡಿ, ಒಂದು ಲೀಟರ್ ಆದರೂ ಹರಿಯಲಿ. ಶುರುವಿನಲ್ಲಿ ದಪ್ಪಗೆ ಬಂದು ಆಮೇಲೆ ದಾರದಷ್ಟು ಸಣ್ಣಗಾದರೆ ಟ್ಯಾಂಕಿನ ತಳದಲ್ಲಿ ಕಸ ಇದೆ. ಹರಿವಿನ ಜೊತೆ ಬಂದು ಜಾಲರಿಗೆ ಅಂಟಿಕೊಳ್ಳುತ್ತದೆ, ಎಂಜಿನ್ ನಿಂತ ಮೇಲೆ ತಾನಾಗೇ ಬಿಟ್ಟುಕೊಳ್ಳುತ್ತದೆ, ಅದಕ್ಕೇ ಮತ್ತೆ ಸ್ಟಾರ್ಟ್ ಆಗುವುದು. ಪೈಪಿನಿಂದ ಹಿಂದಕ್ಕೆ ಗಾಳಿ ಊದಿದರೆ ಅವತ್ತಿನ ಮಟ್ಟಿಗೆ ಕೆಲಸ ಆಗುತ್ತದೆ, ಆದರೆ ಕಸ ಒಳಗೇ ಉಳಿಯುತ್ತದೆ. ಟ್ಯಾಂಕ್ ಖಾಲಿ ಮಾಡಿ ತೊಳೆಯಲೇಬೇಕು. ಹಳೆಯ ರಬ್ಬರ್ ಪೈಪನ್ನೂ ಬಗ್ಗಿಸಿ ನೋಡಿ. ಹೊರಗೆ ಚೆನ್ನಾಗಿದ್ದು ಒಳಗಿನ ಪದರ ಕಿತ್ತುಬಂದು ದಾರಿ ಮುಚ್ಚುವುದು ಹೊಸದೇನಲ್ಲ.

ಇಷ್ಟಾದರೂ ಅನುಮಾನ ಹೋಗದಿದ್ದರೆ, ಒಂದು ಕ್ಯಾನಿನಲ್ಲಿ ಸೋಸಿದ ಡೀಸೆಲ್ ತುಂಬಿ ಫೀಡ್ ಪಂಪಿಗಿಂತ ಎತ್ತರದಲ್ಲಿ, ಸೈಲೆನ್ಸರ್‌ನಿಂದ ದೂರ, ಅಲುಗಾಡದಂತೆ ಕಟ್ಟಿ, ಅದರಿಂದ ನೇರ ಪೈಪ್ ಕೊಟ್ಟು, ಒಳಗೆ ಹೊಕ್ಕ ಗಾಳಿ ತೆಗೆದು ಅದೇ ಕೆಲಸ ಮಾಡಿ. ಗಾಡಿ ನಿಲ್ಲದಿದ್ದರೆ ಮುಖ್ಯ ಪಂಪಿನ ತಪ್ಪಿಲ್ಲ. ಮೆಕ್ಯಾನಿಕ್‌ಗೂ ಇದನ್ನೇ ತೋರಿಸಿ.

ಪ್ರಶ್ನೆ: ನಾನೇ ಡೀಸೆಲ್ ಫಿಲ್ಟರ್ ಬದಲಾಯಿಸಿದೆ. ಸ್ಟಾರ್ಟ್ ಆಗಿ ಎರಡು ನಿಮಿಷ ಓಡಿ ಆಫ್ ಆಯಿತು. ಈಗ ಎಷ್ಟು ಸೆಲ್ಫ್ ಹೊಡೆದರೂ ಇಲ್ಲ, ಹೊಗೆಯೂ ಇಲ್ಲ.

ಉತ್ತರ: ಹೊಗೆಯೂ ಇಲ್ಲ ಅಂತ ಬರೆದದ್ದು ಒಳ್ಳೆಯದಾಯಿತು. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದಿದ್ದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಅಂತ ಅರ್ಥ. ಏನೂ ಬರದಿದ್ದರೆ ಡೀಸೆಲ್ಲೇ ಹೋಗುತ್ತಿಲ್ಲ. ನಿಮ್ಮದು ಏರ್ ಹಿಡಿದಿದೆ, ಅಂದರೆ ಡೀಸೆಲ್ ದಾರಿಯಲ್ಲಿ ಗಾಳಿ ಸೇರಿಕೊಂಡಿದೆ.

ಇಂಥ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಝಲ್ ತೆರೆಯಲು 200 ಬಾರ್ ಆಸುಪಾಸು ಒತ್ತಡ ಬೇಕು. ಟ್ರ್ಯಾಕ್ಟರಿನ ಹಿಂದಿನ ಟೈರಿನಲ್ಲಿರುವುದು ಹೆಚ್ಚುಕಡಿಮೆ 1 ಬಾರ್, ಲೆಕ್ಕ ಹಾಕಿ. ಡೀಸೆಲ್ ಒತ್ತಿದರೆ ಕುಗ್ಗುವುದು ತೀರಾ ಕಮ್ಮಿ, ಗಾಳಿ ಚೆನ್ನಾಗಿ ಕುಗ್ಗುತ್ತದೆ. ಪಂಪ್ ಒತ್ತಿದ್ದೆಲ್ಲ ಗುಳ್ಳೆ ಕುಗ್ಗಿಸುವುದಕ್ಕೇ ಹೋಗುತ್ತದೆ, ನಾಝಲ್ ತೆರೆಯುವುದೇ ಇಲ್ಲ.

ಟ್ಯಾಂಕ್ ಅರ್ಧಕ್ಕಿಂತ ಜಾಸ್ತಿ ತುಂಬಿಸಿ, ಕಾಕ್ ತೆಗೆದು, ಫಿಲ್ಟರ್ ಮೇಲಿನ ಏರ್ ಸ್ಕ್ರೂ ಎರಡು ಸುತ್ತು ಸಡಿಲಿಸಿ. ಫೀಡ್ ಪಂಪಿನ ಕೈಹಿಡಿ ಒತ್ತುತ್ತಾ ಹೋಗಿ. ಮೊದಲು ಬರೀ ಗಾಳಿ, ಆಮೇಲೆ ಬುಸ್ ಬುಸ್ ಅಂತ ಬಿಳಿ ನೊರೆ, ಆಮೇಲೆ ಬಿಟ್ಟು ಬಿಟ್ಟು ಗುಳ್ಳೆ, ಕೊನೆಗೆ ಗಾಜಿನಂಥ ತಿಳಿ ಡೀಸೆಲ್. ತಿಳಿ ಬಂದ ಮೇಲೂ ಒಂದಿಷ್ಟು ಹೊರಗೆ ಹೋಗಲಿ, ಯಾಕೆಂದರೆ ಹಿಂದೆ ಇನ್ನೊಂದು ಗುಳ್ಳೆ ಅಡಗಿರುತ್ತದೆ. ಕೈಹಿಡಿ ಒತ್ತಿ ಹಿಡಿದುಕೊಂಡೇ ಸ್ಕ್ರೂ ಬಿಗಿಸಿ. ಎರಡು ಫಿಲ್ಟರ್ ಇದ್ದರೆ ಎರಡರಲ್ಲೂ ಹೀಗೇ ಮಾಡಿ, ಆಮೇಲೆ ಮುಖ್ಯ ಪಂಪಿನ ಮೇಲಿನ ಸ್ಕ್ರೂ. ಕೈಹಿಡಿ ಒತ್ತಿದರೆ ಏನೂ ಭಾರವೇ ಸಿಗುತ್ತಿಲ್ಲವಾ? ಕೆಲವು ಫೀಡ್ ಪಂಪಿನಲ್ಲಿ ಅದನ್ನು ಒತ್ತುವ ಒಳಗಿನ ಕ್ಯಾಮ್ (ತಿರುಗುವ ಉಬ್ಬು) ಎತ್ತರದಲ್ಲಿ ನಿಂತಿದ್ದರೆ ಹಾಗಾಗುತ್ತದೆ. ಎಂಜಿನ್ ಸ್ವಲ್ಪ ತಿರುಗಿಸಿ ಮತ್ತೆ ಒತ್ತಿ.

ಕೊನೆಗೆ ನಾಝಲ್ ಹತ್ತಿರದ ನಟ್ ಅರ್ಧ ಸುತ್ತು ಸಡಿಲಿಸಿ, ಆಕ್ಸಿಲರೇಟರ್ ಪೂರ್ತಿ ಕೊಟ್ಟು ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ 10 ಸೆಕೆಂಡು ಸಾಕು, ನಡುವೆ ಬಿಡುವು ಕೊಡಿ, ಇಲ್ಲದಿದ್ದರೆ ಸೆಲ್ಫ್ ಮೋಟರೂ ಹೋಗುತ್ತದೆ. ನಟ್ ಹತ್ತಿರ ಡೀಸೆಲ್ ಜಿನುಗಿದರೆ ಬಿಗಿಸಿ. ಆ ಹೊತ್ತಿನಲ್ಲಿ ಬೆರಳು ಹತ್ತಿರ ಇಡಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೊಸ ಕಾಮನ್ ರೈಲ್ ಎಂಜಿನ್ ಆದರೆ ಈ ನಟ್‌ಗಳನ್ನು ಮುಟ್ಟಲೇಬೇಡಿ, ಅಲ್ಲಿ 1,000 ಬಾರ್ ದಾಟುವ ಒತ್ತಡ.

ಏರ್ ತೆಗೆದ ಮೇಲೂ ಮತ್ತೆ ಮತ್ತೆ ಹಿಡಿಯುತ್ತಿದ್ದರೆ ಫಿಲ್ಟರ್ ಬಿಚ್ಚಿ ಮೇಲ್ಭಾಗ ನೋಡಿ. ಹಳೆಯ ರಬ್ಬರ್ ರಿಂಗ್ ಅಲ್ಲೇ ಅಂಟಿಕೊಂಡು, ಅದರ ಕೆಳಗೆ ಹೊಸದು ಕೂತಿರುತ್ತದೆ. ಎರಡು ರಿಂಗ್ ಇದ್ದರೆ ಎಷ್ಟು ಬಿಗಿಸಿದರೂ ಕೂರುವುದಿಲ್ಲ. ಪೈಪ್ ಬೋಲ್ಟಿನ ತಾಮ್ರದ ವಾಷರ್‌ಗಳನ್ನೂ ಬದಲಾಯಿಸಿ. ಇನ್ನೊಂದು ವಿಷಯ, ಫೀಡ್ ಪಂಪ್ ಎಳೆದುಕೊಳ್ಳುವ ಕಡೆ ಪೈಪ್ ಬಿರುಕು ಬಿಟ್ಟರೆ ಹೊರಗೆ ಹನಿ ಬೀಳಬೇಕು ಅಂತೇನಿಲ್ಲ, ಎಂಜಿನ್ ಓಡುವಾಗ ಅದು ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಹನಿ ಇಲ್ಲ, ಹಾಗಾಗಿ ಲೀಕ್ ಇಲ್ಲ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಆ ಜಾಗಕ್ಕೆ ಡೀಸೆಲ್ ತಡೆಯುವ ಪಾರದರ್ಶಕ ಪೈಪ್ ತುಂಡು ಹಾಕಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ಫಿಲ್ಟರ್ ಕೆಳಗಿನ ಗಾಜಿನ ಬೌಲಿನಲ್ಲಿ ಪದೇ ಪದೇ ನೀರು ಬರುತ್ತದೆ. ಡೀಸೆಲ್ ಕೊಟ್ಟವರದ್ದೇ ಮೋಸವಾ?

ಉತ್ತರ: ಇರಬಹುದು, ಆದರೆ ಟ್ಯಾಂಕ್ ಅರ್ಧ ಖಾಲಿ ಬಿಟ್ಟು ರಾತ್ರಿ ನಿಲ್ಲಿಸುತ್ತೀರಾ ಅಂತ ಮೊದಲು ಕೇಳಿಕೊಳ್ಳಿ. ಖಾಲಿ ಜಾಗದ ತೇವದ ಗಾಳಿ ರಾತ್ರಿ ತಣ್ಣಗಾಗಿ ಹನಿಯಾಗುತ್ತದೆ. ಕೆಲಸ ಮುಗಿದ ಮೇಲೆ ಸಂಜೆಯೇ ತುಂಬಿಸಿಡಿ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ, ನೀರು 1,000 ಗ್ರಾಂ, ಹಾಗಾಗಿ ನೀರು ತಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ಗಾಡಿ ಅಲುಗಾಡುವ ಮೊದಲೇ ತಳದ ಸ್ಕ್ರೂ ಸಡಿಲಿಸಿ ಬಿಡಬೇಕು. ನೀರಿನ ಜೊತೆ ಕಪ್ಪು ಲೋಳೆ ಬಂದರೆ ಅದು ನೀರು-ಡೀಸೆಲ್ ಸೇರುವ ಗಡಿಯಲ್ಲಿ ಬೆಳೆಯುವ ಸೂಕ್ಷ್ಮಜೀವಿ, ಟ್ಯಾಂಕ್ ತೊಳೆಯದೆ ಹೋಗುವುದಿಲ್ಲ. ಉದಾಸೀನ ಬೇಡ, ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಜಾರುವ ಎಣ್ಣೆ. ಸೀಮೆಎಣ್ಣೆ ಬೆರೆಸಬಾರದು ಅನ್ನುವುದೂ ಅದಕ್ಕೇ.

ಪ್ರಶ್ನೆ: ಎಂಜಿನ್ ಆಯಿಲ್ ಹಾಕದೇ ಇದ್ದರೂ ಮಟ್ಟ ಏರುತ್ತಿದೆ.

ಉತ್ತರ: ಡಿಪ್‌ಸ್ಟಿಕ್ ಮೂಸಿ ನೋಡಿ. ಡೀಸೆಲ್ ವಾಸನೆ ಇದ್ದರೆ ಗಾಡಿ ಸ್ಟಾರ್ಟ್ ಮಾಡಬೇಡಿ. ಫೀಡ್ ಪಂಪಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಹರಿದಿರಬಹುದು, ಇಲ್ಲವೇ ಮುಖ್ಯ ಪಂಪಿನ ಸೀಲ್ ಹೋಗಿರಬಹುದು. ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ. ಮಟ್ಟ ತೀರಾ ಏರಿದರೆ ಎಂಜಿನ್ ಆ ಆಯಿಲನ್ನೇ ಉರಿಸಿಕೊಂಡು, ಸ್ಟಾಪ್ ಎಳೆದರೂ ನಿಲ್ಲದೆ ಓಡಬಹುದು. ರಿಪೇರಿ ಆದ ಮೇಲೆ ಆಯಿಲ್, ಆಯಿಲ್ ಫಿಲ್ಟರ್ ಎರಡೂ ಹೊಸದು.

ಪ್ರಶ್ನೆ: ಓಡುತ್ತಿದ್ದ ಗಾಡಿ ಕೀ ತೆಗೆದ ಹಾಗೆ ಟಕ್ಕನೆ ನಿಂತಿತು. ಫಿಲ್ಟರ್ ಬದಲಾಯಿಸಬೇಕಾ?

ಉತ್ತರ: ಫಿಲ್ಟರ್ ಕಟ್ಟಿಕೊಂಡರೆ ಗಾಡಿ ಸೋತು ಸೋತು ನಿಲ್ಲುತ್ತದೆ, ಟಕ್ಕನೆ ಅಲ್ಲ. ಕೀಯಿಂದಲೇ ಆಫ್ ಆಗುವ ಗಾಡಿಯಾದರೆ ಸ್ಟಾಪ್ ಸೊಲೆನಾಯ್ಡ್ (ಕರೆಂಟಿನಿಂದ ಡೀಸೆಲ್ ಬಿಡುವ, ನಿಲ್ಲಿಸುವ ಸ್ವಿಚ್ಚಿನಂಥ ಭಾಗ) ನೋಡಿ. ಕೀ ತಿರುಗಿಸಿದಾಗ ಪಂಪಿನ ಹತ್ತಿರ 'ಟಕ್' ಅನ್ನಬೇಕು. ಅನ್ನದಿದ್ದರೆ ಫ್ಯೂಸ್, ಆಮೇಲೆ ಅಲ್ಲಿಗೆ ಹೋಗುವ ವೈರ್. ಎಳೆಯುವ ನಾಬ್ ಇರುವ ಗಾಡಿಯಾದರೆ ಅದು ಪೂರ್ತಿ ಒಳಗೆ ಹೋಗಿದೆಯಾ, ತಂತಿ ತುಕ್ಕು ಹಿಡಿದು ಪಂಪಿನ ಲಿವರ್ ಅರ್ಧದಲ್ಲೇ ಸಿಕ್ಕಿಕೊಂಡಿದೆಯಾ ಅಂತ ನೋಡಿ. ಸೀಟಿನಲ್ಲಿ ಕೂತು ನೋಡಿದರೆ ಗೊತ್ತಾಗುವುದಿಲ್ಲ, ಕೆಳಗಿಳಿದು ಲಿವರನ್ನೇ ಕೈಯಲ್ಲಿ ಆಡಿಸಿ.