ಹಸಿ ಇಟ್ಟಿಗೆಗೆ ಸಿಮೆಂಟ್ ಏಕೆ ಬಳಿಯಬಾರದು?

ಪ್ರಶ್ನೆ: ಈಜಿಪ್ಟಿನಲ್ಲಿ ಮಣ್ಣಿನ ಇಟ್ಟಿಗೆಯ ಪ್ರಾಚೀನ ಕಟ್ಟಡಗಳನ್ನು ಅಗೆದು ತೆಗೆದ ಬಳಿಕ ಮತ್ತೆ ಮರಳಿನಿಂದ ಮುಚ್ಚುತ್ತಾರಂತೆ. ಸಿಮೆಂಟ್ ಬಳಿದು ಉಳಿಸಿಕೊಳ್ಳಬಾರದೇ?
— ಓದುಗರೊಬ್ಬರು, ಧಾರವಾಡ

ಉತ್ತರ: ನೀವು ಕೇಳಿದ್ದು ನಿಜ, ಎಷ್ಟೋ ನೆಲೆಗಳಲ್ಲಿ ಮುಚ್ಚುವುದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ. ಪ್ರಾಚೀನ ಈಜಿಪ್ಟಿನವರು ಕಲ್ಲನ್ನು ಬಹುಮಟ್ಟಿಗೆ ದೇವಾಲಯ, ಗೋರಿಗಳಿಗೆ ಮೀಸಲಿಟ್ಟು, ಅರಮನೆ, ಉಗ್ರಾಣ, ವಾಸದ ಮನೆಗಳನ್ನು ನೈಲ್ ನದಿಯ ಮೆಕ್ಕಲು ಮಣ್ಣಿಗೆ ಮರಳು, ಹೊಟ್ಟು ಬೆರೆಸಿ ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆಯಿಂದ ಕಟ್ಟಿಕೊಂಡರು. ಕುಸಿದ ಗೋಡೆ ಮರಳಿ ಅದೇ ಮಣ್ಣಾಗುವುದರಿಂದ, ಗೋಡೆ ಎಲ್ಲಿ ಮುಗಿಯಿತು, ಅದರಿಂದ ಉದುರಿದ ಮಣ್ಣು ಎಲ್ಲಿ ಮೊದಲಾಯಿತು ಎಂದು ಗುರುತಿಸುವುದೇ ಉತ್ಖನನಕಾರರ ಮೊದಲ ತೊಡಕು. ಕರಣೆಯಿಂದ ತೆಳುವಾಗಿ ಕೆರೆಯುತ್ತ, ಸಂದುಗಳ ಗೆರೆಯನ್ನೂ ಬಣ್ಣದ ಕಿರಿದಾದ ವ್ಯತ್ಯಾಸವನ್ನೂ ಹುಡುಕಬೇಕು. ಕಲ್ಲು, ಶಾಸನಗಳ ಬೆನ್ನುಹತ್ತಿದ ಹಿಂದಿನ ತಲೆಮಾರಿನವರು ಹಲವು ಗೋಡೆಗಳನ್ನು ಬರೀ ಮಣ್ಣೆಂದು ಅಗೆದೆಸೆದರು. ರೈತರು ಹಳೆಯ ಇಟ್ಟಿಗೆಯ ಪುಡಿಯನ್ನು 'ಸೆಬಾಖ್' ಎಂಬ ಗೊಬ್ಬರವಾಗಿ ಹೊಲಕ್ಕೆ ಹೊತ್ತರು. (1887ರಲ್ಲಿ ಅಮರ್ನಾ ಎಂಬ ಪ್ರಾಚೀನ ನಗರದ ನೆಲೆಯಲ್ಲಿ, ಜೇಡಿಮಣ್ಣಿನ ಹಲಗೆಗಳ ಮೇಲೆ ಬರೆದ ಪ್ರಸಿದ್ಧ ಪತ್ರಗಳು ಬೆಳಕಿಗೆ ಬಂದದ್ದು ಇಂಥ ಅಗೆತದಿಂದಲೇ ಎನ್ನುತ್ತಾರೆ.)

ನೆಲದೊಳಗೆ ನೆಮ್ಮದಿಯಾಗಿದ್ದ ಗೋಡೆ ಹೊರಬಿದ್ದ ದಿನದಿಂದಲೇ ಸವೆಯತೊಡಗುತ್ತದೆ. ಗಾಳಿ ಹೊತ್ತು ತರುವ ಮರಳು ಬುಡವನ್ನು ಕೊರೆಯುತ್ತದೆ, ಗೆದ್ದಲು ಹೊಟ್ಟನ್ನು ತಿನ್ನುತ್ತದೆ, ಅಪರೂಪದ ಒಂದು ಜೋರು ಮಳೆ ಮೇಲಿನ ವರಸೆಗಳನ್ನು ಕರಗಿಸುತ್ತದೆ. ಇವೆಲ್ಲಕ್ಕಿಂತ ಕೆಟ್ಟದ್ದು ಉಪ್ಪು. ವರ್ಷವಿಡೀ ನಡೆಯುವ ನೀರಾವರಿಯಿಂದ ಏರಿದ ಅಂತರ್ಜಲವನ್ನು ಇಟ್ಟಿಗೆ ಬತ್ತಿಯಂತೆ ಹೀರುತ್ತದೆ. ನೀರು ಆರಿದ ಮೇಲೆ ಉಳಿದ ಉಪ್ಪು ಹರಳುಗಟ್ಟಿ, ಇಟ್ಟಿಗೆಯನ್ನು ಒಳಗಿನಿಂದಲೇ ಸಿಡಿಸುತ್ತದೆ. ಹವಾರಾದಲ್ಲಿ ಮೂರನೆಯ ಅಮೆನೆಮ್ಹತ್ ದೊರೆಯ ಇಟ್ಟಿಗೆಯ ಪಿರಮಿಡ್ಡಿನ ಒಳದಾರಿಗಳಲ್ಲಿ ಈ ಅಂತರ್ಜಲವೇ ನಿಂತಿದೆ.

ಸಿಮೆಂಟ್ ಬಳಿದರೆ ಈ ತೇವಕ್ಕೆ ಹೊರದಾರಿ ಇಲ್ಲವಾಗುತ್ತದೆ. ಗಟ್ಟಿ ಗಿಲಾವಿನ ಹಿಂದೆ ಮೆದು ಇಟ್ಟಿಗೆ ಪುಡಿಯಾಗಿ, ಕೊನೆಗೆ ಗಿಲಾವು ಹಳೆಯ ಗೋಡೆಯ ಮೈಯನ್ನೇ ಕಿತ್ತುಕೊಂಡು ಬೀಳುತ್ತದೆ. ಆದ್ದರಿಂದ ಮಣ್ಣಿಗೆ ಮಣ್ಣೇ ಮದ್ದು. ಅಬಿಡೋಸ್‌ನಲ್ಲಿ ಸುಮಾರು 4,700 ವರ್ಷಗಳ ಹಿಂದೆ ಖಾಸೆಖೆಮ್ವಿ ದೊರೆ ಕಟ್ಟಿಸಿದ ಶುನೆತ್ ಎಲ್-ಜೆಬಿಬ್ ಆವರಣದ ಗೋಡೆಗಳು ಇಂದಿಗೂ ಕೆಲವೆಡೆ 11 ಮೀಟರಿನಷ್ಟು ಎತ್ತರಕ್ಕೆ ನಿಂತಿವೆ. ಬುಡ ಟೊಳ್ಳಾಗಿ ಬೀಳುವಂತಿದ್ದ ಜಾಗಗಳಿಗೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡವು ಹಳೆಯವನ್ನು ಹೋಲುವ ಹಸಿ ಇಟ್ಟಿಗೆಗಳನ್ನು ಹೊಸದಾಗಿ ಮಾಡಿಸಿ ಆಸರೆ ಕಟ್ಟಿಸಿದೆ. ಹೀಗೆ ವರ್ಷ ವರ್ಷವೂ ನೋಡಿಕೊಳ್ಳಲು ಹಣವೂ ಜನರೂ ಇಲ್ಲದ ಕಡೆ, ಅಳತೆ, ಚಿತ್ರಗಳನ್ನು ದಾಖಲಿಸಿಕೊಂಡು ಶುದ್ಧ ಮರಳಿನಿಂದ ಮುಚ್ಚುತ್ತಾರೆ.